ಅನುವಾದವಾಗದ ಭಾಗದಲ್ಲಿ ಬರೆದ ವಿಳಾಸ: ಜೀವಕೋಶದೊಳಗೆ ಆರ್‌ಎನ್‌ಎ ಸಾಗಾಟ

ಕನ್ನಡ ಎಂ.ಎ. ಓದುವವರು ಜೀವಕೋಶದ ಬಗ್ಗೆ ಯಾಕೆ ಮಾತಾಡಬೇಕು ಅಂತ ಕೆಲವರಿಗೆ ಅನ್ನಿಸಿರಬಹುದು. ಜೀವವಿಜ್ಞಾನಿಗಳು ತಮ್ಮ ಮುಖ್ಯ ಪದಗಳನ್ನು ನಮ್ಮ ಓಣಿಯಿಂದಲೇ ಒಯ್ದಿದ್ದಾರೆ: ಸಂದೇಶ, ಪ್ರತಿಲೇಖನ, ಅನುವಾದ, ವಿಳಾಸ. ಈ ಪದಗಳು ಅಲ್ಲಿ ಏನು ಕೆಲಸ ಮಾಡುತ್ತವೆ, ಎಲ್ಲಿ ಸಾಲದಾಗುತ್ತವೆ ಅನ್ನುವುದನ್ನು ಒಂದು ಆರ್‌ಎನ್‌ಎಯ ಪ್ರಯಾಣ ಹಿಡಿದುಕೊಂಡು ವಿವರಿಸ್ತೇನೆ.

ಮೊದಲು ಹಿನ್ನೆಲೆ. ನಮ್ಮ ಜೀವಕೋಶದ ಡಿಎನ್‌ಎ ಬಹುಪಾಲು ಕೋಶಕೇಂದ್ರದೊಳಗೇ ಇರ್ತದೆ, ಹೊರಗೆ ಬರುವುದಿಲ್ಲ. ಒಂದು ಪ್ರೋಟೀನು ಬೇಕಾದಾಗ ಅದಕ್ಕೆ ಸಂಬಂಧಿಸಿದ ಭಾಗದ ಪ್ರತಿ ತಯಾರಾಗುತ್ತದೆ. ಇದು ಪ್ರತಿಲೇಖನ. ಆ ಪ್ರತಿಯೇ ಸಂದೇಶವಾಹಕ ಆರ್‌ಎನ್‌ಎ. ಅದು ಹೊರಗೆ ಬಂದ ಮೇಲೆ ರೈಬೋಸೋಮುಗಳು ಅದನ್ನು ಓದಿ ಪ್ರೋಟೀನು ಕಟ್ಟುತ್ತವೆ. ಇದು ಅನುವಾದ. ಶಾಲೆಯ ಪಾಠ ಸಾಮಾನ್ಯವಾಗಿ ಇಲ್ಲಿಗೆ ಮುಗೀತದೆ. ಉಳಿಯುವ ಪ್ರಶ್ನೆ ಅಂದ್ರೆ, ಅದನ್ನು ಎಲ್ಲಿ ಓದಬೇಕು?

ಈ ಪ್ರಶ್ನೆ ಯಾಕೆ ಬರ್ತದೆ ಅಂದ್ರೆ, ಜೀವಕೋಶಕ್ಕೂ ಹಿಂದು–ಮುಂದು ಇದೆ. ಬೆನ್ನುಹುರಿಯಿಂದ ಪಾದದವರೆಗೆ ಹೋಗುವ ನರಕೋಶದ ಎಳೆ ಸುಮಾರು 1 ಮೀಟರ್ ಉದ್ದ. ತುದಿಗೆ ಬೇಕಾದ ಪ್ರೋಟೀನನ್ನೆಲ್ಲ ಇಲ್ಲೇ ಮಾಡಿ ಒಂದೊಂದಾಗಿ ಕಳಿಸುವುದರ ಬದಲು ಸಂದೇಶವನ್ನೇ ಕಳಿಸಿದರೆ, ಒಂದು ಪ್ರತಿಯಿಂದ ಅಲ್ಲೇ ಹಲವು ಪ್ರೋಟೀನು ಆಗ್ತಾವೆ. ಬೇಡವಾದ ಜಾಗದಲ್ಲಿ ಅದು ಹುಟ್ಟುವ ಅಪಾಯವೂ ಕಡಿಮೆ. ಇದು ಅಪರೂಪದ ವ್ಯವಸ್ಥೆ ಅಂತ ತಿಳಿಯಬೇಡಿ. ಹಣ್ಣಿನ ನೊಣದ ಭ್ರೂಣದಲ್ಲಿ 3,000ಕ್ಕೂ ಹೆಚ್ಚು ಜೀನುಗಳ ಆರ್‌ಎನ್‌ಎಯನ್ನು ಹುಡುಕಿದ 2007ರ ಒಂದು ಅಧ್ಯಯನದಲ್ಲಿ, ಕಾಣಿಸಿಕೊಂಡವುಗಳ ಪೈಕಿ 71% ಆರ್‌ಎನ್‌ಎಗಳು ಕೋಶದೊಳಗೆ ನಿರ್ದಿಷ್ಟ ಜಾಗ ಹಿಡಿದಿದ್ದವು.

ಅದೇ ನೊಣದ ಒಂದು ಜೀನಿನ ಹೆಸರು ಓಸ್ಕರ್. ತಾಯಿನೊಣದಲ್ಲಿ ಈ ಜೀನು ಕೆಟ್ಟರೆ ಅದರ ಮೊಟ್ಟೆಯಲ್ಲಿ ಬೆಳೆಯುವ ಭ್ರೂಣಕ್ಕೆ ಹೊಟ್ಟೆಯ ಭಾಗ ಬರುವುದಿಲ್ಲ. ಮುಂದಿನ ಪೀಳಿಗೆಗೆ ಬೇಕಾದ ಜನನಕೋಶಗಳೂ ಬರುವುದಿಲ್ಲ. ಹೆಸರು ಬಂದದ್ದು ಗುಂಟರ್ ಗ್ರಾಸ್‌ನ 1959ರ ಕಾದಂಬರಿ ‘ದಿ ಟಿನ್ ಡ್ರಮ್’ನಿಂದ. ಅದರ ನಾಯಕ ಓಸ್ಕರ್ ಮೂರನೇ ವಯಸ್ಸಿಗೇ ಬೆಳೆಯುವುದನ್ನು ನಿಲ್ಲಿಸಿದ ಹುಡುಗ.

ಈ ಆರ್‌ಎನ್‌ಎ ಹುಟ್ಟುವುದು ಮೊಟ್ಟೆಯಾಗುವ ಕೋಶದಲ್ಲಿ ಅಲ್ಲ, ಅದರ ಪಕ್ಕದ 15 ಪೋಷಕ ಕೋಶಗಳಲ್ಲಿ. ಅಲ್ಲಿಂದ ಸಣ್ಣ ಕಾಲುವೆಗಳ ಮೂಲಕ ಮೊಟ್ಟೆಯೊಳಗೆ ಬರಬೇಕು, ಬಂದು ಹಿಂತುದಿ ಸೇರಬೇಕು. ದಾರಿ ಅಂದ್ರೆ ಮೈಕ್ರೋಟ್ಯೂಬ್ಯೂಲ್ ಎಂಬ ಪ್ರೋಟೀನಿನ ಕೊಳವೆಗಳು. ಅವುಗಳ ಮೇಲೆ ನಡೆಯುವ ಮೋಟಾರು ಪ್ರೋಟೀನುಗಳೇ ಹಮಾಲರು. ಮೊಟ್ಟೆಯೊಳಕ್ಕೆ ತರುವುದು ಡೈನೀನ್, ಹಿಂತುದಿಗೆ ಒಯ್ಯುವುದು ಕೈನೆಸಿನ್. ದಾರಿಯಲ್ಲಿ ಅನುವಾದ ನಡೆಯಬಾರದು. ಅದಕ್ಕಾಗಿ ಬ್ರೂನೋ ಎಂಬ ಪ್ರೋಟೀನು ಆರ್‌ಎನ್‌ಎಗೆ ಅಂಟಿಕೊಂಡು ಅನುವಾದವನ್ನು ತಡೆದಿರ್ತದೆ. ಹಿಂತುದಿ ಮುಟ್ಟಿದ ಮೇಲಷ್ಟೇ ಆ ತಡೆ ತೆರವಾಗುತ್ತದೆ.

ಹಾಗಾದರೆ ವಿಳಾಸ ಎಲ್ಲಿದೆ? ಸಂದೇಶವಾಹಕ ಆರ್‌ಎನ್‌ಎಯ ಎರಡೂ ತುದಿಗಳಲ್ಲಿ ಪ್ರೋಟೀನಾಗಿ ಬದಲಾಗದ ಭಾಗಗಳಿವೆ. ವಿಜ್ಞಾನಿಗಳು ಇವನ್ನು ‘ಅನುವಾದವಾಗದ ಪ್ರದೇಶ’ ಅಂತ ಕರೀತಾರೆ. 1992ರಲ್ಲಿ ಆನ್ ಎಫ್ರುಸ್ಸಿ ಮತ್ತು ರೂತ್ ಲೇಮನ್ ಓಸ್ಕರ್‌ನ ಸಂದೇಶವನ್ನು ಹಾಗೇ ಇಟ್ಟು, ಅದರ ಬಾಲದ ಈ ಪ್ರದೇಶಕ್ಕೆ ಬದಲಾಗಿ ಬೈಕಾಯ್ಡ್ ಎಂಬ ಇನ್ನೊಂದು ಜೀನಿನ ಬಾಲ ಜೋಡಿಸಿದರು. ಬೈಕಾಯ್ಡ್‌ನ ಆರ್‌ಎನ್‌ಎ ಮೊಟ್ಟೆಯ ಮುಂತುದಿಗೆ ಹೋಗುವಂಥದ್ದು. ಬಾಲ ಬದಲಾದ ಓಸ್ಕರ್ ಕೂಡ ಮುಂತುದಿಗೆ ಹೋಯಿತು. ತಲೆ ಬರಬೇಕಾದ ಕಡೆ ಇನ್ನೊಂದು ಹೊಟ್ಟೆ ಮೂಡಿತು, ಜನನಕೋಶಗಳೂ ಅಲ್ಲಿ ಹುಟ್ಟಿದವು. ಪ್ರೋಟೀನು ಅದೇ, ಅಕ್ಷರ ಬದಲಾಗಿಲ್ಲ. ಜಾಗ ಬದಲಾದದ್ದಕ್ಕೆ ದೇಹದ ರೂಪವೇ ಬದಲಾಯಿತು.

ನಮ್ಮ ಕಡೆ ಟಪಾಲಿನ ಪಾಕೀಟಿನ ಮೇಲೆ ಬರೆದ ಊರು, ಪಿನ್‌ಕೋಡನ್ನು ಯಾರೂ ಪತ್ರದ ಜೊತೆ ಓದಿ ಹೇಳುವುದಿಲ್ಲ. ಅದಿಲ್ಲದೆ ಪತ್ರ ಮುಟ್ಟುವುದೂ ಇಲ್ಲ. ಕೋಳಿಯ ಕೋಶದ ಆ್ಯಕ್ಟಿನ್ ಆರ್‌ಎನ್‌ಎಯಲ್ಲಿ 54 ಅಕ್ಷರಗಳ ಇಂಥ ತುಣುಕನ್ನು 1994ರಲ್ಲಿ ಗುರುತಿಸಿದ ರಾಬರ್ಟ್ ಸಿಂಗರ್ ಅವರ ತಂಡ ಅದನ್ನು ‘ಜಿಪ್‌ಕೋಡ್’ ಎಂದೇ ಕರೆಯಿತು.

ಆದರೆ ಉಪಮೆಗೆ ಮಿತಿ ಇದೆ. ಇಲ್ಲಿ ವಿಳಾಸ ಓದುವ ಅಂಚೆಯಣ್ಣ ಯಾರೂ ಇಲ್ಲ. ಆರ್‌ಎನ್‌ಎ ಮಡಚಿಕೊಂಡ ಆಕಾರಕ್ಕೆ, ಅಕ್ಷರಗಳ ಸಾಲಿಗೆ ಕೆಲವು ಪ್ರೋಟೀನುಗಳು ಅಂಟುತ್ತವೆ, ಅವು ಮೋಟಾರನ್ನು ಹಿಡಿಯುತ್ತವೆ, ಅಷ್ಟೇ. ಪ್ರಯಾಣವೂ ನೆಟ್ಟಗಿಲ್ಲ. ಓಸ್ಕರ್‌ನ ಕಣಗಳು ಮೊಟ್ಟೆಯೊಳಗೆ ಎಲ್ಲಾ ದಿಕ್ಕಿಗೂ ಓಡಾಡುತ್ತವೆ. ಹಿಂತುದಿಯ ಕಡೆಗೆ ಸ್ವಲ್ಪ ಒಲವು ಹೆಚ್ಚು, ಆ ಸ್ವಲ್ಪವೇ ಕೊನೆಗೆ ಸಾಕಾಗುತ್ತದೆ. ಇನ್ನೊಂದು ವಿಷಯ ಗೊತ್ತಾದದ್ದು 2004ರಲ್ಲಿ. ಕೇಂದ್ರದೊಳಗೆ ಪ್ರತಿಯಿಂದ ಬೇಡದ ತುಣುಕುಗಳನ್ನು ಕತ್ತರಿಸಿ ಜೋಡಿಸುವ ಸಂಪಾದನೆ ನಡೀತದೆ. ಓಸ್ಕರ್‌ನ ಮೊದಲ ತುಣುಕನ್ನು ಹೀಗೆ ಕತ್ತರಿಸದೇ, ಮೊದಲೇ ತೆಗೆದ ಪ್ರತಿಯನ್ನು ಕೊಟ್ಟರೆ, ಅಕ್ಷರಗಳೆಲ್ಲ ಸರಿ ಇದ್ದರೂ ಅದು ಹಿಂತುದಿ ಸೇರುವುದಿಲ್ಲ. ಅಂದ್ರೆ ಬಾಲ ಒಂದೇ ಸಾಲದು, ಸಂಪಾದನೆಯ ಗುರುತೂ ಬೇಕು.

ಕೊನೆಗೆ, ಚರ್ಚೆಯಲ್ಲಿ ಬಂದ ಪ್ರಶ್ನೆ: ಇದೆಲ್ಲ ನೊಣದ ಮಾತಾಯಿತು, ಮನುಷ್ಯರಿಗೆ ಏನು? ಫ್ರಜೈಲ್ ಎಕ್ಸ್ ಎಂಬುದು ಬುದ್ಧಿಬೆಳವಣಿಗೆಗೆ ತೊಡಕಾಗುವ ಆನುವಂಶಿಕ ತೊಂದರೆ. ಅದರಲ್ಲಿ ಇಲ್ಲವಾಗುವ ಪ್ರೋಟೀನು ನರಕೋಶದಲ್ಲಿ ಅನೇಕ ಸಂದೇಶವಾಹಕ ಆರ್‌ಎನ್‌ಎಗಳನ್ನು ಹಿಡಿದು, ನರಕೋಶಗಳು ಒಂದಕ್ಕೊಂದು ಸಂಧಿಸುವ ಜಾಗದಲ್ಲಿ ಅವುಗಳ ಅನುವಾದವನ್ನು ಹತೋಟಿಯಲ್ಲಿಡುವಂಥದ್ದು. ಅದರ ಜೀನಿನಲ್ಲಿ ಮೂರಕ್ಷರದ ಒಂದು ತುಣುಕು 200ಕ್ಕಿಂತ ಹೆಚ್ಚು ಸಲ ಮರುಕಳಿಸಿದರೆ ಆ ಜೀನೇ ಮೌನವಾಗುತ್ತದೆ. ಈ ಮರುಕಳಿಕೆ ಇರುವುದೂ ಅನುವಾದವಾಗದ ಪ್ರದೇಶದಲ್ಲೇ, ಸಂದೇಶದ ಮುಂದಿನ ತುದಿಯಲ್ಲಿ.

ಅದಕ್ಕೇ ಕನ್ನಡದಲ್ಲಿ ಈ ಪದ ಬರೆಯುವಾಗ ಎಚ್ಚರ ಬೇಕು ಅಂತೀನಿ. ‘ಅನುವಾದವಾಗದ’ ಅಂದ ಕೂಡಲೇ ಓದುವ ಹುಡುಗರು ‘ಬೇಡದ್ದು’ ಅಂತ ತಿಳಿದು ಪುಟ ತಿರುವುವ ಸಾಧ್ಯತೆ ಇದೆ. ಪದದ ಪಕ್ಕದಲ್ಲೇ ಒಂದು ವಾಕ್ಯ ಸೇರಿಸೋಣ: ಸಂದೇಶ ಎಲ್ಲಿ, ಯಾವಾಗ ಅನುವಾದವಾಗಬೇಕು ಅನ್ನುವ ಸೂಚನೆಗಳಲ್ಲಿ ಬಹಳಷ್ಟು ಇರುವುದು ಇಲ್ಲಿಯೇ.