ಮಳೆನೀರಿಗೆಂದು ಬಿಟ್ಟುಕೊಟ್ಟ 25 ಎಕರೆ

ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಪಾಂಚರ್ಟ್ರೇನ್ ಸರೋವರದ ದಿಕ್ಕಿಗೆ ಹೋದರೆ ಜೆಂಟಿಲಿ ಬಡಾವಣೆ ಸಿಗುತ್ತದೆ. ಒತ್ತೊತ್ತಾಗಿ ಮನೆಗಳಿರುವ ಈ ಭಾಗದ ಮಿರಾಬೊ ಅವೆನ್ಯೂನಲ್ಲಿ 25 ಎಕರೆಯಷ್ಟು ದೊಡ್ಡ ಜಾಗವೊಂದಿದೆ. ಸಂತ ಜೋಸೆಫರ ಸಭೆಯ ಸನ್ಯಾಸಿನಿಯರ ಕಾನ್ವೆಂಟ್ ಇದ್ದದ್ದು ಇಲ್ಲೇ. 1650ರಲ್ಲಿ ಫ್ರಾನ್ಸಿನ ಲ ಪುಯಿ ಊರಿನಲ್ಲಿ ಹುಟ್ಟಿದ ಸಭೆ ಅದು.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಪ್ಪಳಿಸಿತು. ನಗರದ ಮಳೆನೀರನ್ನು ಸರೋವರಕ್ಕೆ ಒಯ್ಯುವ ಲಂಡನ್ ಅವೆನ್ಯೂ ಕಾಲುವೆಗೆ ಅಂದು ಸರೋವರದ ನೀರೇ ತಿರುಗಿ ನುಗ್ಗಿತು. ತಡೆಗೋಡೆ ಎರಡು ಕಡೆ ಒಡೆಯಿತು, ಅದರಲ್ಲಿ ಒಂದು ಮಿರಾಬೊ ರಸ್ತೆಯ ಬಳಿಯೇ. ಕಾನ್ವೆಂಟ್ ಜಲಾವೃತವಾಯಿತು. ಮರುವರ್ಷ ಅದೇ ಕಟ್ಟಡಕ್ಕೆ ಸಿಡಿಲು ಬಡಿದು ಬೆಂಕಿ ಹೊತ್ತಿತು. ಕೊನೆಗೆ ಅದನ್ನು ಕೆಡವಲಾಯಿತು.

ಉಳಿದದ್ದು ಬರಿಯ ನೆಲ. ಸೈಟು ಮಾಡಿ ಮಾರಿದ್ದರೆ ಒಳ್ಳೆಯ ಹಣ ಬರುತ್ತಿತ್ತು. ವಯಸ್ಸಾದ ಸದಸ್ಯೆಯರೇ ಹೆಚ್ಚಿರುವ ಸಭೆಗೆ ಹಣದ ಅಗತ್ಯ ಇಲ್ಲವೆಂದೇನಲ್ಲ. ಆ ಹೊತ್ತಿಗೆ ಡೇವಿಡ್ ವ್ಯಾಗನರ್ ಎಂಬ ಸ್ಥಳೀಯ ವಾಸ್ತುಶಿಲ್ಪಿ ಬೇರೊಂದು ಯೋಚನೆ ಮುಂದಿಟ್ಟರು: ಈ ಜಾಗವನ್ನು ಮಳೆನೀರಿಗೆ ಬಿಡೋಣ.

ನೀರಿನಿಂದಲೇ ಮನೆ ಕಳೆದುಕೊಂಡವರ ಮುಂದೆ ಆಡುವ ಮಾತೇ ಇದು? ಆದರೆ ಈ ಊರಿನ ನೆಲದ ಕಷ್ಟ ಗೊತ್ತಿದ್ದವರಿಗೆ ಅದರ ಹಿಂದಿನ ಲೆಕ್ಕಾಚಾರ ಅರ್ಥವಾಗುತ್ತದೆ. ನಗರದ ಸುಮಾರು ಅರ್ಧ ಭಾಗ ಬೋಗುಣಿಯಂತೆ ತಗ್ಗಾಗಿದೆ, ಸಮುದ್ರಮಟ್ಟಕ್ಕಿಂತ ಕೆಳಗಿದೆ. ನೂರು ವರ್ಷಗಳಿಂದ ಇಲ್ಲಿ ಬಿದ್ದ ಮಳೆಯನ್ನೆಲ್ಲ ದೈತ್ಯ ಪಂಪುಗಳು ಎತ್ತಿ ಹೊರಹಾಕುತ್ತ ಬಂದಿವೆ. ಕೊಳೆತ ಸಸ್ಯರಾಶಿಯಿಂದಾದ ಜೌಗು ಮಣ್ಣು ಒಣಗಿದಷ್ಟೂ ಕುಗ್ಗುತ್ತದೆ, ಕುಸಿಯುತ್ತದೆ. ಆಳವಾದ ಕಂಬಗಳ ಮೇಲೆ ನಿಂತ ಮನೆ ಹಾಗೇ ಇರುತ್ತದೆ, ಅಂಗಳ ಮಾತ್ರ ಇಳಿಯುತ್ತದೆ. ಮೆಟ್ಟಿಲಿಗೂ ನೆಲಕ್ಕೂ ನಡುವೆ ಸಂದು ಬೀಳುತ್ತದೆ, ರಸ್ತೆ ಬಿರುಕು ಬಿಡುತ್ತದೆ. ಜನ ಹೊರಗಿಂದ ಮಣ್ಣು ತಂದು ತುಂಬುತ್ತಲೇ ಇರಬೇಕು. ಪಂಪು ಹೆಚ್ಚಿಸಿದರೆ ನೆಲ ಇನ್ನಷ್ಟು ತಗ್ಗು, ತಗ್ಗಾದರೆ ಮತ್ತಷ್ಟು ಪಂಪು.

ಡಚ್ ತಜ್ಞರ ಜೊತೆ ಕೂತು ವ್ಯಾಗನರ್ ಮತ್ತು ಸಂಗಡಿಗರು ಹುಡುಕಿದ ದಾರಿ ಬೇರೆ: ಮಳೆನೀರನ್ನು ಅಲ್ಲಲ್ಲೇ ತಡೆದು, ನೆಲಕ್ಕೆ ಕುಡಿಸುವುದು. ಕಾನ್ವೆಂಟ್ ಇದ್ದ ಜಾಗಕ್ಕೆಂದು ರೂಪಿಸಿದ ಮಿರಾಬೊ ಜಲೋದ್ಯಾನದ ವಿನ್ಯಾಸದಲ್ಲಿ ಸುತ್ತಲ ಬೀದಿಗಳ ಮಳೆಚರಂಡಿಯ ನೀರನ್ನು ಒಳಕ್ಕೆ ತಿರುಗಿಸಲಾಗುತ್ತದೆ. ಅದು ಹುಲ್ಲು, ಜೌಗು ಸಸ್ಯಗಳ ನಡುವೆ ಹಾದು ಕಸ, ಕೊಳೆ ಕಳೆದುಕೊಳ್ಳುತ್ತದೆ, ತಗ್ಗುಗಳಲ್ಲಿ ನಿಂತು ಇಂಗುತ್ತದೆ. ಮಿಕ್ಕದ್ದು ಪಂಪುಗಳ ಹೊರೆ ಇಳಿದ ಮೇಲೆ ನಿಧಾನವಾಗಿ ಚರಂಡಿಗೆ ಸೇರುತ್ತದೆ. ಒಂದು ಕೋಟಿ ಗ್ಯಾಲನ್, ಎಂದರೆ ಸುಮಾರು 3.8 ಕೋಟಿ ಲೀಟರ್ ಹಿಡಿದಿಡುವ ಗುರಿ ಇದರದು. ನೆರೆಹೊರೆಯವರಿಗೆ ನಡಿಗೆಯ ದಾರಿ, ಮಕ್ಕಳಿಗೆ ನೀರಿನ ಪಾಠಕ್ಕೊಂದು ತಾಣ ಕೂಡ ನಕ್ಷೆಯಲ್ಲಿವೆ.

ಸನ್ಯಾಸಿನಿಯರು ಪ್ರಾರ್ಥಿಸಿದರು, ಚರ್ಚಿಸಿದರು, ಒಪ್ಪಿದರು. ನಗರಾಡಳಿತಕ್ಕೆ ಜಾಗ ಬಿಟ್ಟುಕೊಟ್ಟದ್ದು ವರ್ಷಕ್ಕೆ ಒಂದು ಡಾಲರ್ ಗುತ್ತಿಗೆಗೆ. ಅವರ ಔದಾರ್ಯಕ್ಕಿಂತಲೂ ಅವರು ಹಾಕಿದ ಷರತ್ತು ದೊಡ್ಡದು ಎಂದು ನನಗನ್ನಿಸುತ್ತದೆ. ಈ ನೆಲ ಬಡಾವಣೆಯನ್ನು ಕಾಯಬೇಕು, ಮನುಷ್ಯರು ನೀರಿನೊಂದಿಗೆ ಬದುಕುವ ರೀತಿ ಬದಲಾಗಲು ನೆರವಾಗಬೇಕು. ದಾನ ಕೊಟ್ಟು ಕೈ ತೊಳೆದುಕೊಳ್ಳುವುದು ಸುಲಭ. ಕೊಟ್ಟದ್ದು ಯಾವುದಕ್ಕೆ ಬಳಕೆಯಾಗಬೇಕೆಂದು ಹಟ ಹಿಡಿಯುವುದಕ್ಕೆ ಆ ಊರಿನ ಮೇಲೆ ನಿಜವಾದ ಅಕ್ಕರೆ ಬೇಕು.

ಸರ್ಕಾರಿ ಕೆಲಸ ಮಾತ್ರ ಕುಂಟುತ್ತ ಸಾಗಿತು. 2016ರಲ್ಲಿ ಜೆಂಟಿಲಿಯ ಇಂಥ ಹಲವು ಕಾಮಗಾರಿಗಳಿಗೆ ಕೇಂದ್ರ ಸರ್ಕಾರ 14.1 ಕೋಟಿ ಡಾಲರ್ ಮಂಜೂರು ಮಾಡಿತು. ಆಮೇಲೂ ಯೋಜನೆ ವರ್ಷಗಟ್ಟಲೆ ಎಳೆದಾಡಿತು. ಈ ನಡುವೆ 2017ರ ಆಗಸ್ಟ್ 5ರಂದು ಯಾವ ಚಂಡಮಾರುತವೂ ಇಲ್ಲದೆ, ಕೆಲವು ಗಂಟೆಗಳ ಜಡಿಮಳೆಗೇ ನಗರದ ಅನೇಕ ಬೀದಿಗಳು ಮುಳುಗಿದವು. ಅಂದು ಹಲವು ಪಂಪುಗಳು ಕೆಟ್ಟು ಕೂತಿದ್ದವೆಂಬುದು ಆಮೇಲೆ ಬಯಲಾಯಿತು.