ಜಿಮ್ ರೀವ್ಸ್: ಸಾವಿನ ನಂತರವೂ ಹೊಸ ಹಾಡು ಕೊಟ್ಟ ಗಾಯಕ

ಗುಡುಗು-ಮಳೆಯ ಇಳಿಹೊತ್ತು ಅದು. 1964ರ ಜುಲೈ 31ರಂದು ಅಮೆರಿಕದ ಬೇಟ್ಸ್‌ವಿಲ್‌ನಿಂದ ನ್ಯಾಶ್‌ವಿಲ್‌ಗೆ ಮರಳುತ್ತಿದ್ದ ಒಂಟಿ ಎಂಜಿನ್‌ನ ಪುಟ್ಟ ವಿಮಾನವೊಂದು, ಊರು ಇನ್ನೇನು ಬಂತು ಎನ್ನುವಾಗ ಬ್ರೆಂಟ್‌ವುಡ್ ಬಳಿ ಪತನಗೊಂಡಿತು. ವಿಮಾನ ನಡೆಸುತ್ತಿದ್ದವರು ಕಂಟ್ರಿ ಸಂಗೀತದ ಖ್ಯಾತ ಗಾಯಕ ಜಿಮ್ ರೀವ್ಸ್. ಜೊತೆಗಿದ್ದವರು ಅವರ ಪಿಯಾನೊ ವಾದಕ ಹಾಗೂ ವ್ಯವಸ್ಥಾಪಕ ಡೀನ್ ಮ್ಯಾನುಯೆಲ್. ಹುಡುಕಾಟಕ್ಕೆ ಹೊರಟವರಲ್ಲಿ ಅರ್ನೆಸ್ಟ್ ಟಬ್, ಮಾರ್ಟಿ ರಾಬಿನ್ಸ್ ಅವರಂತಹ ಹೆಸರಾಂತ ಗಾಯಕರೂ ಇದ್ದರು. ಆಗಸ್ಟ್ 2ರ ಬೆಳಿಗ್ಗೆ ಇಬ್ಬರ ಶವಗಳು ಪತ್ತೆಯಾದವು. ರೀವ್ಸ್‌ಗೆ 41 ತುಂಬಲು ಮೂರು ವಾರವೂ ಉಳಿದಿರಲಿಲ್ಲ.

ಅಂತಿಮ ದರ್ಶನಕ್ಕೆ ಸಾವಿರಾರು ಜನ ಬಂದರು. ಹೂವು ಹೊದಿಸಿದ ಶವಪೆಟ್ಟಿಗೆ ನ್ಯಾಶ್‌ವಿಲ್‌ನ ಬೀದಿಗಳನ್ನು ದಾಟಿ, ಅವರ ತವರಾದ ಟೆಕ್ಸಾಸ್‌ನ ಕಾರ್ಥೇಜ್ ಸಮೀಪ ಮಣ್ಣು ಸೇರಿತು. ಅಚ್ಚರಿಯ ಕಥೆ ಆರಂಭವಾಗುವುದೇ ಇಲ್ಲಿಂದ. ಅಗಲಿದ ಗಾಯಕನನ್ನು ಅಭಿಮಾನಿಗಳು ಹಳೆಯ ಹಾಡುಗಳ ಮೂಲಕ ನೆನೆಯುವುದು ವಾಡಿಕೆ. ರೀವ್ಸ್ ಅಭಿಮಾನಿಗಳಿಗೆ ಮಾತ್ರ ಮುಂದಿನ ಎರಡು ದಶಕ ಹೊಸ ಹಾಡುಗಳೇ ಸಿಗುತ್ತಾ ಹೋದವು. ಮರಣದ ನಂತರ 1967ರವರೆಗೆ ಅವರ ಆರು ಹಾಡುಗಳು ಅಮೆರಿಕದ ಕಂಟ್ರಿ ಜನಪ್ರಿಯತಾ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದವು.

ಇದು ಸಾಧ್ಯವಾದದ್ದು ಹೇಗೆ? ಮೊದಲು ಆ ಕಂಠದ ಬಗ್ಗೆ ಹೇಳಬೇಕು. 1923ರಲ್ಲಿ ಜನಿಸಿದ ರೀವ್ಸ್ ಬೇಸ್‌ಬಾಲ್ ಆಟಗಾರನಾಗಲು ಹೊರಟವರು. ಗಾಯದಿಂದಾಗಿ ಆ ಕನಸು ಮುರಿದು, ಆಕಾಶವಾಣಿ ಉದ್ಘೋಷಕರಾದರು. 1953ರ 'ಮೆಕ್ಸಿಕನ್ ಜೋ' ಹೆಸರು ತಂದಿತು. ಆಗ ಕಂಟ್ರಿ ಎಂದರೆ ಪಿಟೀಲು, ಸ್ಟೀಲ್ ಗಿಟಾರ್‌ಗಳ ಅಬ್ಬರದ ನಡುವೆ ಎತ್ತರದ ದನಿಯಲ್ಲಿ ಹಾಡುವುದು. 1957ರ 'ಫೋರ್ ವಾಲ್ಸ್' ಹಾಡಿನ ಹೊತ್ತಿಗೆ ರೀವ್ಸ್ ಆ ದಾರಿ ಬಿಟ್ಟರು. ತುಟಿ ಮೈಕಿಗೆ ತಾಗುವಷ್ಟು ಹತ್ತಿರ ನಿಂತು, ತಗ್ಗಿದ ದನಿಯಲ್ಲಿ, ಎದುರು ಕುಳಿತವರೊಡನೆ ಮಾತನಾಡುವಂತೆ ಹಾಡಿದರು. ನಿರ್ಮಾಪಕ ಚೆಟ್ ಅಟ್ಕಿನ್ಸ್ ಹಿಮ್ಮೇಳವನ್ನೂ ಅದಕ್ಕೆ ತಕ್ಕಂತೆ ಮೃದುಗೊಳಿಸಿದರು. 'ನ್ಯಾಶ್‌ವಿಲ್ ಸೌಂಡ್' ಎಂದು ಮುಂದೆ ಹೆಸರಾದ ಶೈಲಿಯ ಪ್ರಮುಖ ಹಾಡುಗಳಲ್ಲಿ ಅದೂ ಒಂದು. 1960ರಲ್ಲಿ 'ಹಿ ವಿಲ್ ಹ್ಯಾವ್ ಟು ಗೋ' 14 ವಾರ ಕಂಟ್ರಿ ಪಟ್ಟಿಯ ತುದಿಯಲ್ಲಿತ್ತು. ಸ್ವಾರಸ್ಯವೆಂದರೆ, ಅದು ಧ್ವನಿಮುದ್ರಿಕೆಯ ಹಿಂಬದಿಗೆಂದು ಇಟ್ಟಿದ್ದ ಹಾಡು!

ಈ ಶೈಲಿಯಲ್ಲಿ ಮುಂದಾಳು ಕಂಠವೇ. ವಾದ್ಯಗಳು ಅದರ ಹಿಂದೆ. ಹೀಗಾಗಿ ರೀವ್ಸ್ ಗಿಟಾರ್ ಹಿಡಿದು ಸುಮ್ಮನೆ ಹಾಡಿಟ್ಟ ಮಾದರಿ ಮುದ್ರಣಗಳಿಗೂ ನಂತರ ಹಿಮ್ಮೇಳ ಸೇರಿಸಿ ಪೂರ್ಣ ಹಾಡಾಗಿಸಬಹುದಿತ್ತು. ಪತ್ನಿ ಮೇರಿ ರೀವ್ಸ್ ಧ್ವನಿಸುರುಳಿಗಳನ್ನು ಜತನದಿಂದ ಕಾಯ್ದರು. ಆರ್‌ಸಿಎ ಸಂಸ್ಥೆ ಒಂದೊಂದಾಗಿ ಹೊರತಂದಿತು. 'ಡಿಸ್ಟೆಂಟ್ ಡ್ರಮ್ಸ್' ಹಾಗೆ ಬಂದದ್ದು. ಗೀತರಚನೆಕಾರ್ತಿ ಸಿಂಡಿ ವಾಕರ್‌ಗಾಗಿ ರೀವ್ಸ್ ಮಾಡಿಕೊಟ್ಟಿದ್ದ ಮಾದರಿ ಅದು. ಯುದ್ಧದ ಕರೆ ಬರುವ ಮುನ್ನ ಮದುವೆಯಾಗೋಣ ಎಂದು ಪ್ರಿಯತಮೆಯನ್ನು ಕೇಳುವ ಯುವಕನ ಹಾಡು. ವಿಯೆಟ್ನಾಂ ಯುದ್ಧ ಕಾವೇರಿದ್ದ 1966ರಲ್ಲಿ ಅದಕ್ಕೆ ಬೇರೆಯದೇ ಅರ್ಥ ಒದಗಿತು. ಬೀಟಲ್ಸ್ ಯುಗದ ಬ್ರಿಟನ್ನಿನಲ್ಲಿ, ಎರಡು ವರ್ಷಗಳ ಹಿಂದೆ ತೀರಿಕೊಂಡಿದ್ದ ಗಾಯಕನ ಈ ಹಾಡು ಐದು ವಾರ ಮೊದಲ ಸ್ಥಾನದಲ್ಲಿ ನಿಂತಿತು.

ತಂತ್ರಜ್ಞಾನ ಮುಂದುವರಿದಂತೆ ಆಸೆಯೂ ಬೆಳೆಯಿತು. 1979ರಲ್ಲಿ ಡೆಬೊರಾ ಅಲೆನ್ ಎಂಬ ಯುವ ಗಾಯಕಿಯ ದನಿಯನ್ನು ರೀವ್ಸ್ ದನಿಯ ಜೊತೆ ಕೂಡಿಸಿ ಯುಗಳ ಗೀತೆ ಹೊರಡಿಸಲಾಯಿತು. ರೀವ್ಸ್ ತೀರಿಕೊಂಡಾಗ ಆಕೆ ಇನ್ನೂ ಬಾಲಕಿ. 1981ರಲ್ಲಿ ಇನ್ನೂ ಒಂದು ಹೆಜ್ಜೆ: 1963ರಲ್ಲಿ ವಿಮಾನ ಅಪಘಾತದಲ್ಲೇ ಮಡಿದಿದ್ದ ಪ್ಯಾಟ್ಸಿ ಕ್ಲೈನ್ ಮತ್ತು ರೀವ್ಸ್ ಬೇರೆಬೇರೆಯಾಗಿ ಹಾಡಿದ್ದ ಒಂದೇ ಹಾಡಿನಿಂದ ಕಂಠಗಳನ್ನಷ್ಟೇ ಬಿಡಿಸಿ, ಹೊಂದಿಸಿ, ಹೊಸ ಹಿಮ್ಮೇಳ ನುಡಿಸಲಾಯಿತು. ಬದುಕಿದ್ದಾಗ ಹಾಡದ ಯುಗಳ ಗೀತೆಯನ್ನು ಇಬ್ಬರೂ ಸತ್ತ ಮೇಲೆ ಹಾಡಿದಂತಾಯಿತು. ಆ ಹಾಡೂ ಗೆದ್ದಿತು.

ಇದು ಸರಿಯೇ? ಒಮ್ಮತ ಕಷ್ಟ. ಗಾಯಕ ಒಪ್ಪಿಗೆ ಕೊಡದ ವಾದ್ಯಗಳನ್ನು ಅವನ ಬೆನ್ನಿಗೆ ಕಟ್ಟುವುದು ಅಪಚಾರವೆನ್ನುವವರು ಮೂಲ ಮುದ್ರಣಗಳನ್ನೇ ಹುಡುಕುತ್ತಾರೆ. ಅಂಥವರಿಗಾಗಿಯೇ ಎಂಬಂತೆ ಜರ್ಮನಿಯ ಬೇರ್ ಫ್ಯಾಮಿಲಿ ಸಂಸ್ಥೆ 1994ರಲ್ಲಿ 16 ಸಿಡಿಗಳ ಸಂಪುಟ ತಂದಿತು. ಹೇಗಾದರೂ ಸರಿ, ಆ ದನಿ ಮತ್ತೊಮ್ಮೆ ಕೇಳಿದರೆ ಸಾಕು ಎನ್ನುವುದು ಇನ್ನೊಂದು ಪಕ್ಷ. ಸತ್ತವರ ಕಂಠವನ್ನು ಯಂತ್ರವೇ ಸೃಷ್ಟಿಸುವ ಇಂದಿನ ಕಾಲದಲ್ಲಿ ಈ ಹಳೆಯ ಜಗಳ ಸಣ್ಣದಾಗಿ ಕಾಣಬಹುದು. ಆದರೆ ಒಂದು ವ್ಯತ್ಯಾಸವಿದೆ. ಹಿಮ್ಮೇಳ ಯಾರದ್ದೇ ಇರಲಿ, ಪ್ರತಿ ಪದವನ್ನೂ ರೀವ್ಸ್ ಸ್ವತಃ ಹಾಡಿದ್ದರು.

ಅಭಿಮಾನಿಗಳು ಅಮೆರಿಕಕ್ಕೆ ಸೀಮಿತರಲ್ಲ. ದಕ್ಷಿಣ ಆಫ್ರಿಕಾದಲ್ಲಿ ರೀವ್ಸ್ ಚಲನಚಿತ್ರದಲ್ಲಿ ನಟಿಸಿದರು, ಆಫ್ರಿಕಾನ್ಸ್ ಭಾಷೆಯಲ್ಲೂ ಹಾಡಿದರು. ನಾರ್ವೆ, ಶ್ರೀಲಂಕಾ, ಭಾರತದಲ್ಲೂ ಅವರ ಹಾಡುಗಳು ಮನೆಮಾತಾದವು. ನಮ್ಮಲ್ಲಿ ಬೆಂಗಳೂರಿನ ದಂಡು ಪ್ರದೇಶ, ಕೋಲಾರ ಚಿನ್ನದ ಗಣಿಯ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಅವರ 1963ರ ಕ್ರಿಸ್ಮಸ್ ಹಾಡುಗಳ ಧ್ವನಿಮುದ್ರಿಕೆ ತಿರುಗಲೇಬೇಕು. ಗಣಿ 2001ರಲ್ಲಿ ಮುಚ್ಚಿತು, ಕುಟುಂಬಗಳು ಚದುರಿದವು. ಎಲ್‌ಪಿ ಹೋಗಿ ಕ್ಯಾಸೆಟ್, ಕ್ಯಾಸೆಟ್ ಹೋಗಿ ಮೊಬೈಲ್ ಬಂದರೂ ಆ ಹಾಡುಗಳು ಬದಲಾಗಲಿಲ್ಲ. ಉದ್ಘೋಷಕನ ಸ್ಪಷ್ಟ ಉಚ್ಚಾರ, ಅವಸರವಿಲ್ಲದ ಗತಿ ಇದಕ್ಕೆ ಕಾರಣವಿರಬೇಕು. ಇಂಗ್ಲಿಷ್ ಮನೆಮಾತಲ್ಲದವನಿಗೂ ಒಂದು ಪದ ತಪ್ಪುವುದಿಲ್ಲ.

ಮೇರಿ 1999ರಲ್ಲಿ ತೀರಿಕೊಂಡರು. ಧ್ವನಿಸುರುಳಿಗಳು ಆಗಲೂ ಪೂರ್ತಿ ಬರಿದಾಗಿರಲಿಲ್ಲ. ಅಪಘಾತಕ್ಕೆ ಕೆಲವೇ ದಿನಗಳ ಮುನ್ನ ರೀವ್ಸ್ ಮನೆಯಲ್ಲಿನ ಪುಟ್ಟ ಸ್ಟುಡಿಯೋದಲ್ಲಿ ಗಿಟಾರ್ ಒಂದನ್ನೇ ನೆಚ್ಚಿಕೊಂಡು ಹಾಡಿದ್ದ ಹಾಡೊಂದು 2003ರಲ್ಲಿ, ಹೊಸ ವಾದ್ಯಗಳೊಡನೆ ಬಿಡುಗಡೆಯಾಯಿತು. 'ಐ ಆಮ್ ಎ ಹಿಟ್ ಅಗೇನ್' ಎಂಬುದು ಅದರ ಹೆಸರು.