ನೀರಿನ ದಾರಿ ಮತ್ತು ನಗರದ ಬೆಳವಣಿಗೆ: ಮುಂಬಯಿಯ ಪರಿಸರದ ಪ್ರಶ್ನೆ

ಸ್ಥಳನಾಮಗಳು ನೆಲದ ಚರಿತ್ರೆಯನ್ನು ಬಹುಕಾಲ ಉಳಿಸಿಕೊಳ್ಳುತ್ತವೆ. ದಕ್ಷಿಣ ಮುಂಬಯಿಯ ಜನನಿಬಿಡ ಪೇಟೆಗಳ ನಡುವಿನ ‘ಪಾಯಧುನಿ’ ಎಂದರೆ ಕಾಲು ತೊಳೆಯುವ ಜಾಗ. ಸಮೀಪದ ‘ಉಮರಖಾಡಿ’ ಎಂಬ ಹೆಸರಿನಲ್ಲಿ ಅತ್ತಿಮರದ ಬಳಿಯಿದ್ದ ಖಾಡಿಯ, ಅಂದರೆ ಕಡಲ ನೀರು ಒಳನುಗ್ಗುವ ಹರವಿನ, ನೆನಪಿದೆ. ಇಂದು ಅಲ್ಲಿ ಉಬ್ಬರದ ನೀರು ಕಾಣುವುದಿಲ್ಲ. ನೀರು ಮರೆಯಾಗಿದೆ, ಹೆಸರು ಮಾತ್ರ ಉಳಿದಿದೆ. ಮುಂಬಯಿಯ ಪರಿಸರ ಸಮಸ್ಯೆಗಳನ್ನು ಅರಿಯಲು ಈ ಮರೆಯಾದ ನೀರಿನಿಂದಲೇ ತೊಡಗುವುದು ಉಚಿತ.

ಮುಂಬಯಿ ಮೂಲತಃ ಏಳು ದ್ವೀಪಗಳ ಸಮುಚ್ಚಯ. 1661ರ ವಿವಾಹ ಒಪ್ಪಂದದಲ್ಲಿ ಪೋರ್ಚುಗೀಸರಿಂದ ಇಂಗ್ಲೆಂಡಿನ ಅರಸನಿಗೆ ಸಂದ ಈ ನೆಲವು 1668ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. ಉಬ್ಬರದ ಸಮಯದಲ್ಲಿ ದ್ವೀಪಗಳ ನಡುವಣ ತಗ್ಗುಗಳು ನೀರಿನಿಂದ ತುಂಬುತ್ತಿದ್ದವು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಗವರ್ನರ್ ವಿಲಿಯಂ ಹಾರ್ನಬಿಯ ಕಾಲದ ಒಡ್ಡು ವರಳಿಯ ಬಳಿ ಕಡಲನ್ನು ತಡೆಯಿತು. 1838ರಲ್ಲಿ ಕೊಲಾಬಾ, 1845ರಲ್ಲಿ ಮಾಹಿಮ್ ಸೇತುಮಾರ್ಗಗಳು ಸಿದ್ಧವಾದವು. ಇಪ್ಪತ್ತನೆಯ ಶತಮಾನದಲ್ಲಿ ಮರೀನ್ ಡ್ರೈವ್, ನರೀಮನ್ ಪಾಯಿಂಟ್‌ಗಳು ಕಡಲಿನಿಂದ ಪಡೆದ ನೆಲದ ಮೇಲೆ ಎದ್ದವು. ಹೀಗೆ ತುಂಬಿಸಿದ ಎಷ್ಟೋ ಪ್ರದೇಶಗಳು ಉಬ್ಬರದ ಮಟ್ಟಕ್ಕೆ ಸಮೀಪವಾಗಿ ಅಥವಾ ಅದಕ್ಕಿಂತ ತಗ್ಗಿನಲ್ಲಿ ಉಳಿದವು ಎಂಬುದು ಇಲ್ಲಿ ಗಮನಾರ್ಹ.

ಇದರ ಪರಿಣಾಮ ಸರಳವಾದುದು. ಮಳೆಯ ನೀರು ಇಳಿಜಾರನ್ನು ಅನುಸರಿಸಿ ಕಡಲನ್ನು ಸೇರಬೇಕು. ಆದರೆ ಉಬ್ಬರದ ವೇಳೆಯಲ್ಲಿ ಕಡಲ ಮಟ್ಟವೇ ಚರಂಡಿಯ ಬಾಯಿಗಿಂತ ಎತ್ತರವಾದರೆ ನೀರು ಹೊರಹೋಗಲಾರದು. ಕೆಲವೊಮ್ಮೆ ಹಿಮ್ಮುಖವಾಗಿ ಬರುತ್ತದೆ. ಬ್ರಿಟಿಷರ ಕಾಲದ ಚರಂಡಿಗಳು ಗಂಟೆಗೆ ಸುಮಾರು 25 ಮಿಲಿಮೀಟರ್ ಮಳೆಗೆ, ಅದೂ ಇಳಿತದ ಹೊತ್ತಿನಲ್ಲಿ, ಸಾಲುವಂತೆ ರಚಿತವಾದವು. ಈ ಸಾಮರ್ಥ್ಯವನ್ನು 50 ಮಿಲಿಮೀಟರಿಗೆ ಏರಿಸುವ ಯೋಜನೆ 1993ರಲ್ಲಿಯೇ ಸಿದ್ಧವಾಗಿದ್ದರೂ ಅದರ ಅನುಷ್ಠಾನ ನಿಧಾನವಾಗಿ ಸಾಗಿತು.

2005ರ ಜುಲೈ 26ರಂದು ಈ ವಿಳಂಬದ ಬೆಲೆ ತಿಳಿಯಿತು. ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ಬಿದ್ದದ್ದು 80 ಮಿಲಿಮೀಟರಿಗೂ ಕಡಿಮೆ. ನೂರಾರು ಜನರು ಪ್ರಾಣ ಕಳೆದುಕೊಂಡರು. ವಿಹಾರ್, ಪವಾಯಿ ಕೆರೆಗಳ ಕೋಡಿನೀರನ್ನು ಹೊತ್ತು ಸುಮಾರು 18 ಕಿಲೋಮೀಟರ್ ಹರಿದು ಮಾಹಿಮ್ ಬಳಿ ಕಡಲು ಸೇರುವ ಮೀಠಿ ನದಿಯು ಅಂದು ಕುರ್ಲಾ, ಕಾಲಿನಾ ಪರಿಸರವನ್ನು ಮುಳುಗಿಸಿತು. ಆದರೆ ದೋಷವನ್ನು ಮಳೆಯೊಂದರ ಮೇಲೆ ಹೊರಿಸುವುದು ನ್ಯಾಯವಲ್ಲ. ವಿಮಾನ ನಿಲ್ದಾಣಕ್ಕಾಗಿ ನದಿಯ ಪಾತ್ರ ತಿರುಚಲ್ಪಟ್ಟಿತ್ತು. ಬಾಂದ್ರಾ-ಕುರ್ಲಾ ಸಂಕೀರ್ಣಕ್ಕಾಗಿ ಜೌಗುನೆಲ ತುಂಬಿಸಲ್ಪಟ್ಟಿತ್ತು. ದಡದ ಕಾರ್ಖಾನೆಗಳ ತ್ಯಾಜ್ಯ ಮತ್ತು ಪ್ಲಾಸ್ಟಿಕ್ ಹರಿವನ್ನು ಇಕ್ಕಟ್ಟಾಗಿಸಿದ್ದವು. ಪ್ರವಾಹವನ್ನು ಮೊದಲು ಉಂಡವರು ನದಿಯ ಅಂಚಿನ ಜೋಪಡಿಗಳಲ್ಲಿ ನೆಲೆ ಕಂಡಿದ್ದ ಶ್ರಮಿಕರು.

ಕಾಂಡ್ಲಾ ವನಗಳ ನಾಶವೂ ಇದೇ ಕಥೆಯ ಇನ್ನೊಂದು ಮುಖ. ಈ ಗಿಡಗಳ ಬೇರುಗಳು ಕೆಸರನ್ನು ಹಿಡಿದಿಡುತ್ತವೆ, ಅಲೆಯ ರಭಸವನ್ನು ತಗ್ಗಿಸುತ್ತವೆ, ಮೀನಿನ ಮರಿಗಳಿಗೆ ಆಶ್ರಯವಾಗುತ್ತವೆ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಇವುಗಳಿಗೆ ರಕ್ಷಣೆ ಒದಗಿಸಿತು. 2005ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಾಂಡ್ಲಾ ಕಡಿತಕ್ಕೆ ತಡೆ ನೀಡಿ, 2018ರ ತೀರ್ಪಿನಲ್ಲಿ ಅದನ್ನು ದೃಢಪಡಿಸಿತು. ಫ್ಲೆಮಿಂಗೊ ಹಕ್ಕಿಗಳ ನೆಲೆಯಾದ ಠಾಣೆ ಖಾಡಿ 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೂ ರಸ್ತೆ, ಸೇತುವೆಗಳ ಹೆಸರಿನಲ್ಲಿ ವಿನಾಯಿತಿಯ ಕೋರಿಕೆಗಳು ನಿಂತಿಲ್ಲ. 2024ರಲ್ಲಿ ಹಂತಹಂತವಾಗಿ ತೆರೆದ ಕರಾವಳಿ ರಸ್ತೆಗಾಗಿ ಮತ್ತೆ ಕಡಲನ್ನು ತುಂಬಲಾಯಿತು. ತಮ್ಮ ದೋಣಿಗಳ ದಾರಿ ಉಳಿಯಬೇಕೆಂದು ವರಳಿಯ ಕೋಳಿ ಮೀನುಗಾರರು ಹೋರಾಡಿದ ಮೇಲೆಯೇ ಸೇತುವೆಯ ಕಂಬಗಳ ನಡುವಣ ಅಂತರವನ್ನು ಹೆಚ್ಚಿಸಲು ಆಡಳಿತ ಒಪ್ಪಿತು.

ಈ ವಿಚಾರ ಕನ್ನಡಿಗರಿಗೆ ಹೊರಗಿನದಲ್ಲ. ಕರಾವಳಿಯಿಂದ ಬಂದ ಮೊಗವೀರರು, ಹೋಟೆಲಿನ ದುಡಿಮೆಗಾರರು, ಉತ್ತರ ಕರ್ನಾಟಕದ ಕಟ್ಟಡ ಕಾರ್ಮಿಕರು ಈ ನಗರವನ್ನು ಕಟ್ಟಿದವರಲ್ಲಿ ಸೇರಿದ್ದಾರೆ. ಅದರ ನೆರೆಯನ್ನೂ ಅನುಭವಿಸಿದ್ದಾರೆ. ಅವರು ಬಿಟ್ಟು ಬಂದ ನಾಡಿನ ನುಡಿಯಲ್ಲಿ ಅಳಿವೆ, ಗಜನಿ, ಕಾಂಡ್ಲಾ ಮೊದಲಾದ ಪದಗಳು ನೀರಿನೊಂದಿಗೆ ಬಾಳುವ ತಿಳಿವನ್ನು ಹೊತ್ತಿವೆ. ಅಘನಾಶಿನಿಯ ಗಜನಿ ಭೂಮಿಯಲ್ಲಿ ರೈತರು ಕಟ್ಟೆ ಕಟ್ಟಿದರೂ ತೂಬನ್ನು ಇಡುತ್ತಾರೆ. ಕಗ್ಗ ಭತ್ತದ ಕಾಲಕ್ಕೆ ಉಪ್ಪುನೀರನ್ನು ತಡೆಯುತ್ತಾರೆ, ಬೆಳೆ ಮುಗಿದ ಮೇಲೆ ಮೀನು, ಸೀಗಡಿಗಾಗಿ ಅದನ್ನು ಒಳಬಿಡುತ್ತಾರೆ. ಅಲ್ಲಿ ಒಡ್ಡು ಕಡಲಿಗೆ ಬಾಗಿಲು ಮುಚ್ಚುವ ಸಾಧನವಲ್ಲ, ಅದರೊಡನೆ ಮಾಡಿಕೊಂಡ ಹೊಂದಾಣಿಕೆ.

ತಾಪಮಾನದ ಏರಿಕೆಯಿಂದ ಕಡಲ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಪಂಪುಗಳು, ಅಗಲವಾದ ಚರಂಡಿಗಳು ಅವಶ್ಯಕ. ಆದರೆ ಅವಷ್ಟೇ ಸಾಲವು. ನದಿಗೆ ಪಾತ್ರವನ್ನೂ ಉಬ್ಬರಕ್ಕೆ ತಂಗುವ ನೆಲವನ್ನೂ ಬಿಟ್ಟುಕೊಡದ ನಗರವು ಪ್ರತಿ ಮಳೆಗಾಲವನ್ನೂ ಆಪತ್ತಾಗಿ ಎದುರಿಸಬೇಕಾಗುತ್ತದೆ. ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯಲ್ಲಿ ಬೆಳೆಯುತ್ತಿರುವ ಮಂಗಳೂರಿನಂತಹ ನಗರಗಳಿಗೆ ಮುಂಬಯಿಯ ಅನುಭವವು ಎಚ್ಚರಿಕೆಯ ಪಾಠವಾಗಬೇಕು. ಅಲ್ಲಿ ಜೌಗುನೆಲ ಇನ್ನೂ ಉಳಿದಿರುವಾಗಲೇ ಆ ಪಾಠವನ್ನು ಕಲಿಯುವುದು ವಿವೇಕ.